ಬೆಳೆ ವೀಕ್ಷಣೆಗೆ ಅವಕೆಂಪು ಕ್ಯಾಮೆರಾ: ಹಳೆಯ ಡಿಜಿಟಲ್ ಕ್ಯಾಮೆರಾದ ಪರಿವರ್ತನೆ ಮತ್ತು ಹೊಲದಲ್ಲಿ ಬಳಕೆ

ಪೀಠಿಕೆ

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಎರೆ ಹಾಗೂ ಮಸಾರಿ ಭೂಮಿಗಳಲ್ಲಿ ಗೋವಿನಜೋಳ, ಹತ್ತಿ ಮತ್ತು ಮೆಣಸಿನಕಾಯಿ ಪ್ರಮುಖ ಬೆಳೆಗಳಾಗಿವೆ. ಬೆಳೆ ಆಳೆತ್ತರಕ್ಕೆ ಬಂದ ಮೇಲೆ ಹೊಲದ ನಡುವಿನ ಭಾಗ ಬದುವಿನ ಮೇಲೆ ನಿಂತವರಿಗೆ ಕಾಣುವುದಿಲ್ಲ. ನಾಲ್ಕು ಸಾಲು ಸೊರಗಿರುವುದು ತಿಳಿಯುವ ಹೊತ್ತಿಗೆ ನಲವತ್ತು ಸಾಲುಗಳಿಗೆ ತೊಂದರೆ ಹರಡಿರುತ್ತದೆ. ಆಗ ಕಾರಣವನ್ನು ಹುಡುಕಲು ಸಮಯವಿಲ್ಲದೆ ಇಡೀ ಹೊಲಕ್ಕೆ ಔಷಧಿ ಸಿಂಪಡಿಸುವುದು ರೂಢಿಯಾಗಿದೆ. ಇದರಿಂದ ಖರ್ಚು ಹೆಚ್ಚುವುದಲ್ಲದೆ, ಕಾರಣವು ಕೀಟವಾಗಿರದಿದ್ದಲ್ಲಿ ಪ್ರಯೋಜನವೂ ಆಗುವುದಿಲ್ಲ.

ಕಣ್ಣಿಗೆ ಕಾಣದ ಅವಕೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕಿನಲ್ಲಿ ತೆಗೆದ ಚಿತ್ರವು ಹೊಲದಲ್ಲಿ ಬೆಳೆ ದುರ್ಬಲವಾಗಿರುವ ಜಾಗಗಳನ್ನು ಗುರುತಿಸಲು ನೆರವಾಗುತ್ತದೆ. ಬಳಕೆಯಿಲ್ಲದೆ ಮೂಲೆಗೆ ಬಿದ್ದಿರುವ ಸಾಧಾರಣ ಡಿಜಿಟಲ್ ಕ್ಯಾಮೆರಾವನ್ನು ಈ ಕೆಲಸಕ್ಕೆ ಪರಿವರ್ತಿಸಬಹುದು. ಆದರೆ ಚಿತ್ರವು ತೊಂದರೆ ಎಲ್ಲಿದೆ ಎಂಬುದನ್ನು ಮಾತ್ರ ತೋರಿಸುತ್ತದೆ. ಏಕೆ ಎಂಬುದನ್ನು ಗಿಡದ ಬುಡದಲ್ಲಿ ಕುಳಿತೇ ಅರಿಯಬೇಕು. ಈ ಲೇಖನದಲ್ಲಿ ತಿಳಿಸಿರುವ ಎಲ್ಲ ಕ್ರಮಗಳಿಗೂ ಇದೇ ಆಧಾರ.

ಎಲೆ ಮತ್ತು ಅವಕೆಂಪು ಬೆಳಕು

ಮನುಷ್ಯನ ಕಣ್ಣು ಸುಮಾರು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಕಾಣಬಲ್ಲದು. 700 ನ್ಯಾನೊಮೀಟರಿನಿಂದ ಆಚೆಗಿರುವುದು ಅವಕೆಂಪು ಬೆಳಕು. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ, ಕೆಂಪಿನ ಆಚೆಗಿನ ಕತ್ತಲೆಯ ಜಾಗದಲ್ಲಿ ಉಷ್ಣಮಾಪಕವಿಟ್ಟು ಇದನ್ನು ಕಂಡುಹಿಡಿದನು. 1910ರಲ್ಲಿ ರಾಬರ್ಟ್ ವುಡ್ ಅವಕೆಂಪು ಬೆಳಕಿನ ಛಾಯಾಚಿತ್ರಗಳನ್ನು ಪ್ರಕಟಿಸಿದನು. ಅವುಗಳಲ್ಲಿ ಹಸಿರು ಗಿಡಮರಗಳು ಹಿಮ ಬಿದ್ದಂತೆ ಬೆಳ್ಳಗೆ ಕಾಣುತ್ತಿದ್ದವು.

ಇದಕ್ಕೆ ಕಾರಣ ಎಲೆಯ ರಚನೆ. ಎಲೆಯಲ್ಲಿರುವ ಪತ್ರಹರಿತ್ತು ಆಹಾರ ತಯಾರಿಕೆಗಾಗಿ ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಅವಕೆಂಪು ಬೆಳಕನ್ನು ಹೀರುವುದಿಲ್ಲ. ಎಲೆಯ ಒಳಗಿನ ಸ್ಪಂಜಿನಂತಹ ಅಂಗಾಂಶದಲ್ಲಿ ಜೀವಕೋಶಗಳ ನಡುವೆ ಗಾಳಿಯ ಎಡೆಗಳಿರುತ್ತವೆ. ಅವಕೆಂಪು ಬೆಳಕು ಅಲ್ಲಿ ಹಲವು ಸಲ ಚದುರಿ ಹಿಂದಕ್ಕೆ ಬರುತ್ತದೆ. ಆದ್ದರಿಂದ ಆರೋಗ್ಯವಂತ ಎಲೆಯು ಕೆಂಪು ಬೆಳಕಿನ ನೂರರಲ್ಲಿ ಹತ್ತು ಪಾಲಿಗಿಂತ ಕಡಿಮೆಯನ್ನು, ಸಮೀಪ ಅವಕೆಂಪು ಬೆಳಕಿನ ಸುಮಾರು 40ರಿಂದ 50 ಪಾಲನ್ನು ಪ್ರತಿಫಲಿಸುತ್ತದೆ. ಪತ್ರಹರಿತ್ತು ಕುಗ್ಗಿದಾಗ ಕೆಂಪಿನ ಪ್ರತಿಫಲನ ಹೆಚ್ಚುತ್ತದೆ. ಅಂಗಾಂಶ ಕೆಟ್ಟಾಗ ಅಥವಾ ಎಲೆಗಳ ಸಂಖ್ಯೆ ಮತ್ತು ಹರವು ಕಡಿಮೆಯಾದಾಗ ಅವಕೆಂಪಿನ ಪ್ರತಿಫಲನ ಇಳಿಯುತ್ತದೆ. ಎರಡರ ನಡುವಿನ ಅಂತರವೇ ಬೆಳೆಯ ಸ್ಥಿತಿಯ ಅಳತೆಗೋಲು.

ನಮ್ಮ ದೇಶದಲ್ಲಿ ಈ ತತ್ತ್ವದ ಬಳಕೆ ಆರಂಭವಾದದ್ದು ಬೆಳೆಯ ರೋಗವೊಂದರಿಂದಲೇ. 1970ರ ಸುಮಾರಿಗೆ ಪಿ. ಆರ್. ಪಿಷಾರಟಿಯವರ ನೇತೃತ್ವದಲ್ಲಿ ಕೇರಳದ ತೆಂಗಿನ ಬೇರು ಸೊರಗು ರೋಗವನ್ನು ಗುರುತಿಸಲು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆಯಲಾಯಿತು. 1988ರ ಮಾರ್ಚ್ 17ರಂದು ಉಡಾವಣೆಯಾದ ಐಆರ್‌ಎಸ್-1ಎ ಉಪಗ್ರಹದಲ್ಲಿಯೂ ಸಮೀಪ ಅವಕೆಂಪು ಬೆಳಕನ್ನು ಅಳೆಯುವ ವ್ಯವಸ್ಥೆಯಿತ್ತು.

ಪರಿವರ್ತನೆಗೆ ಮೊದಲು ಯೋಚಿಸಬೇಕಾದ ಅಂಶಗಳು

ಕ್ಯಾಮೆರಾ ಬಿಚ್ಚುವ ಮೊದಲು ಕೆಳಗಿನ ಪರ್ಯಾಯಗಳನ್ನು ಪರಿಶೀಲಿಸುವುದು ಸೂಕ್ತ.

1. ಉಪಗ್ರಹ ಚಿತ್ರಗಳು: ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತವಾಗಿ ದೊರೆಯುತ್ತವೆ. ಅವುಗಳಲ್ಲಿ ಕೆಂಪು ಮತ್ತು ಅವಕೆಂಪು ಬೆಳಕಿನ ಒಂದು ಬಿಂದು ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗಕ್ಕೆ ಸಮ. ನಮ್ಮ ಲೆಕ್ಕದಲ್ಲಿ ಇದು ಸುಮಾರು ಒಂದು ಗುಂಟೆ. ಒಂದು ಎಕರೆಗೆ ಸುಮಾರು 40 ಬಿಂದುಗಳು. ಹತ್ತಾರು ಎಕರೆಯ ಗೋವಿನಜೋಳದ ಹೊಲಕ್ಕೆ ಇದು ಸಾಕು. ಆದರೆ ಮುಂಗಾರಿನ ಮೋಡಗಳು ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಅನೇಕ ವಾರ ನೆಲವನ್ನು ಮರೆಮಾಡುತ್ತವೆ. ಎರಡು ಎಕರೆಯ ಮೆಣಸಿನಕಾಯಿ ಹೊಲದ ನಾಲ್ಕು ಸಾಲಿನ ತೊಂದರೆಯೂ ಒಂದು ಗುಂಟೆಯ ಬಿಂದುವಿನಲ್ಲಿ ಕಾಣುವುದಿಲ್ಲ.

2. ಎಲೆ ಬಣ್ಣದ ಪಟ್ಟಿ: ಸಾರಜನಕದ ಕೊರತೆಯನ್ನು ಮಾತ್ರ ತಿಳಿಯಬೇಕಾಗಿದ್ದಲ್ಲಿ ಹಸಿರಿನ ಹಲವು ಛಾಯೆಗಳನ್ನು ಮುದ್ರಿಸಿದ ಈ ಪಟ್ಟಿಯೇ ಸಾಕು. ಇದಕ್ಕೆ ಕ್ಯಾಮೆರಾ, ಗಣಕಯಂತ್ರ ಯಾವುದೂ ಬೇಡ.

3. ಸಿದ್ಧ ಕ್ಯಾಮೆರಾ: ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕಯಂತ್ರಕ್ಕೆ ಜೋಡಿಸುವ ನೋಐಆರ್ ಕ್ಯಾಮೆರಾ 2013ರಿಂದ ಲಭ್ಯವಿದೆ. ಇದನ್ನು ಅವಕೆಂಪು ತಡೆಗಾಜಿಲ್ಲದೆಯೇ ತಯಾರಿಸಲಾಗುತ್ತದೆ. ಇದರಲ್ಲಿ ಕ್ಯಾಮೆರಾ ಬಿಚ್ಚುವ ಅಪಾಯವಿಲ್ಲ. ಗಣಕಯಂತ್ರದ ಅಭ್ಯಾಸವಿರುವ ವಿದ್ಯಾರ್ಥಿಗಳು ಮತ್ತು ಯುವ ರೈತರಿಗೆ ಇದೇ ಮೇಲು.

ಸಣ್ಣ ಹಿಡುವಳಿಯಲ್ಲಿ, ಮೋಡದ ಅವಧಿಯಲ್ಲಿ, ಸಾಲುವಾರು ವೀಕ್ಷಣೆ ಬೇಕಾದಾಗ ಪರಿವರ್ತಿತ ಕ್ಯಾಮೆರಾ ಉಪಯುಕ್ತ. ಪ್ರತಿಯೊಬ್ಬ ರೈತರೂ ಇದನ್ನು ಹೊಂದಬೇಕಾಗಿಲ್ಲ. ಒಂದು ರೈತ ಉತ್ಪಾದಕರ ಸಂಸ್ಥೆಗೆ ಅಥವಾ ಒಂದು ಊರಿನ ರೈತ ಗುಂಪಿಗೆ ಒಂದು ಕ್ಯಾಮೆರಾ ಸಾಕಾಗುತ್ತದೆ.

ಕ್ಯಾಮೆರಾದ ಆಯ್ಕೆ

ಡಿಜಿಟಲ್ ಕ್ಯಾಮೆರಾದ ಸಿಲಿಕಾನ್ ಸೆನ್ಸಾರ್ ಸುಮಾರು 1100 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಗ್ರಹಿಸಬಲ್ಲದು. ಬಣ್ಣಗಳು ಕೆಡದಿರಲೆಂದು ತಯಾರಕರು ಸೆನ್ಸಾರಿನ ಮುಂದೆ ಅವಕೆಂಪನ್ನು ತಡೆಯುವ ಗಾಜನ್ನು ಅಳವಡಿಸಿರುತ್ತಾರೆ. ಈ ಗಾಜನ್ನು ತೆಗೆಯುವುದೇ ಪರಿವರ್ತನೆಯ ಮುಖ್ಯ ಕೆಲಸ.

ಕ್ಯಾಮೆರಾವನ್ನು ಆಯ್ಕೆ ಮಾಡುವಾಗ ಈ ಗುಣಗಳನ್ನು ನೋಡಬೇಕು:

• ಚಿತ್ರವನ್ನು ರಾ ರೂಪದಲ್ಲಿ ಉಳಿಸುವ ಸೌಲಭ್ಯವಿರಬೇಕು. ಜೆಪಿಇಜಿ ರೂಪದ ಚಿತ್ರದಲ್ಲಿ ಬೆಳಕಿನ ಅಂಕಿಗಳು ಕಣ್ಣಿಗೆ ಹಿತವಾಗುವಂತೆ ಬದಲಾಗಿರುವುದರಿಂದ ಲೆಕ್ಕಾಚಾರಕ್ಕೆ ಒಗ್ಗುವುದಿಲ್ಲ. ಹಳೆಯ ಕ್ಯಾನನ್ ಪವರ್‌ಶಾಟ್ ಮಾದರಿಗಳಲ್ಲಿ ಅನೇಕವು ಸಿಎಚ್‌ಡಿಕೆ ಎಂಬ ಉಚಿತ ತಂತ್ರಾಂಶದ ನೆರವಿನಿಂದ ರಾ ಚಿತ್ರವನ್ನು ಉಳಿಸಬಲ್ಲವು ಮತ್ತು ನಿಗದಿತ ಕಾಲಕ್ಕೊಮ್ಮೆ ತಾವೇ ಚಿತ್ರ ತೆಗೆಯಬಲ್ಲವು.
• ಬಿಳಿ ಸಮತೋಲನ, ಬೆಳಕಿನ ಅವಧಿ ಮತ್ತು ಐಎಸ್‌ಒ ಮಟ್ಟವನ್ನು ಕೈಯಾರೆ ನಿಗದಿಪಡಿಸುವಂತಿರಬೇಕು.
• ಕಂಬದ ತುದಿಗೆ ಕಟ್ಟಬೇಕಾಗಿರುವುದರಿಂದ ಹಗುರವಾಗಿರಬೇಕು.

ಟಿವಿಯ ರಿಮೋಟನ್ನು ಕ್ಯಾಮೆರಾದತ್ತ ಹಿಡಿದು ಗುಂಡಿ ಒತ್ತಿದರೆ ಪರದೆಯಲ್ಲಿ ಅದರ ತುದಿಯ ದೀಪ ಮಸುಕಾಗಿ ಕಾಣುವುದುಂಟು. ಪರಿವರ್ತನೆಯ ಬಳಿಕ ಅದೇ ದೀಪ ಪ್ರಖರವಾಗಿ ಕಾಣಬೇಕು. ಕೆಲಸ ಸರಿಯಾಗಿದೆಯೆಂದು ತಿಳಿಯಲು ಇದು ಸುಲಭದ ಪರೀಕ್ಷೆ.

ಪರಿವರ್ತನೆಯ ಕ್ರಮ

ಎಚ್ಚರಿಕೆ: ಫ್ಲಾಶ್ ಇರುವ ಕ್ಯಾಮೆರಾದ ಒಳಗೆ ಒಂದು ಕೆಪಾಸಿಟರ್ ಇರುತ್ತದೆ. ಅದರಲ್ಲಿ ಸುಮಾರು 300 ವೋಲ್ಟ್ ವಿದ್ಯುತ್ತು ಸಂಗ್ರಹವಾಗಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಇದು ಬಹಳ ಹೊತ್ತು ಉಳಿಯಬಹುದು. ಇದರ ಆಘಾತ ಪ್ರಾಣಾಪಾಯಕ್ಕೂ ಕಾರಣವಾಗಬಲ್ಲದು. ಆದ್ದರಿಂದ ಕ್ಯಾಮೆರಾ ದುರಸ್ತಿಯಲ್ಲಿ ಅನುಭವವಿರುವ ತಂತ್ರಜ್ಞರಿಂದಲೇ ಈ ಕೆಲಸ ಮಾಡಿಸಬೇಕು. ಕೆಪಾಸಿಟರಿನ ವಿದ್ಯುತ್ತನ್ನು ಪ್ರತಿರೋಧಕದ ಮೂಲಕ ಹರಿಯಬಿಟ್ಟು, ಮೀಟರಿನಿಂದ ಪರೀಕ್ಷಿಸಿದ ನಂತರವೇ ಮುಂದುವರಿಯಬೇಕು. ಮನೆಯಲ್ಲಿ ಮಕ್ಕಳ ಕೈಗೆ ಬಿಚ್ಚಿದ ಕ್ಯಾಮೆರಾ ಸಿಗಬಾರದು.

ತಂತ್ರಜ್ಞರು ಅನುಸರಿಸಬೇಕಾದ ಹಂತಗಳು:

1. ಧೂಳಿಲ್ಲದ ಕೋಣೆಯಲ್ಲಿ, ಫ್ಯಾನ್ ನಿಲ್ಲಿಸಿ, ಬೆಳಕಿರುವ ಮೇಜಿನ ಮೇಲೆ ಕೆಲಸ ಮಾಡಬೇಕು. ಬ್ಯಾಟರಿ ಮತ್ತು ಮೆಮೊರಿ ಕಾರ್ಡನ್ನು ಮೊದಲು ತೆಗೆಯಬೇಕು.

2. ಪ್ರತಿ ಹಂತದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಹಾಳೆಯ ಮೇಲೆ ಅಂಟಿಸಿಡಬೇಕು. ಅವುಗಳ ಉದ್ದದಲ್ಲಿ ವ್ಯತ್ಯಾಸವಿರುತ್ತದೆ.

3. ಹಿಂಬದಿಯ ಹೊದಿಕೆ, ಪರದೆ ಮತ್ತು ಪಟ್ಟಿತಂತಿಗಳನ್ನು ಬಿಡಿಸಿ ಸೆನ್ಸಾರಿನ ಫಲಕವನ್ನು ಹೊರತೆಗೆಯಬೇಕು.

4. ಸೆನ್ಸಾರಿನ ಮುಂದೆ ನಸುನೀಲಿ ಅಥವಾ ನಸುಹಸಿರು ಛಾಯೆಯ ಚಿಕ್ಕ ಗಾಜು ಕಾಣುತ್ತದೆ. ಇದೇ ತಡೆಗಾಜು. ಇದನ್ನು ಮೆಲ್ಲಗೆ ಎತ್ತಿ ತೆಗೆಯಬೇಕು. ಸೆನ್ಸಾರಿನ ಮೇಲೇ ಅಂಟಿಕೊಂಡಿರುವ ರಕ್ಷಣಾ ಗಾಜನ್ನು ಮುಟ್ಟಬಾರದು.

5. ತೆಗೆದ ಗಾಜಿನಷ್ಟೇ ದಪ್ಪದ ಸ್ಪಷ್ಟ ಗಾಜನ್ನು ಅದೇ ಜಾಗದಲ್ಲಿ ಕೂರಿಸಬೇಕು. ಗಾಜು ಬೆಳಕಿನ ಕೇಂದ್ರಬಿಂದುವನ್ನು ತನ್ನ ದಪ್ಪದ ಸುಮಾರು ಮೂರನೆಯ ಒಂದು ಭಾಗದಷ್ಟು ಹಿಂದಕ್ಕೆ ತಳ್ಳುತ್ತದೆ. 1 ಮಿಲಿಮೀಟರ್ ಗಾಜನ್ನು ತೆಗೆದು ಏನನ್ನೂ ಹಾಕದಿದ್ದಲ್ಲಿ ಕೇಂದ್ರಬಿಂದು ಸುಮಾರು 0.33 ಮಿಲಿಮೀಟರ್ ಮುಂದಕ್ಕೆ ಸರಿದು ದೂರದ ವಸ್ತುಗಳು ಮಸುಕಾಗುತ್ತವೆ. ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ಬಳಸುವ ಗಾಜಿನ ಪಟ್ಟಿಯ ದಪ್ಪ ಸುಮಾರು 1 ಮಿಲಿಮೀಟರ್. ತೆಗೆದ ಗಾಜಿಗೆ ದಪ್ಪ ಹೊಂದಿದರೆ ಇದನ್ನು ಅಳತೆಗೆ ಕತ್ತರಿಸಿ ಬಳಸಬಹುದು.

6. ಗಾಜಿನ ಎರಡೂ ಬದಿಯ ಧೂಳನ್ನು ರಬ್ಬರ್ ಊದುಗದಿಂದ ತೆಗೆದು, ಬಿಚ್ಚಿದ ಕ್ರಮಕ್ಕೆ ವಿರುದ್ಧ ಕ್ರಮದಲ್ಲಿ ಜೋಡಿಸಬೇಕು.

7. ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಪರಿವರ್ತನೆಯ ನಂತರ ನೋಟಗಿಂಡಿಯ ಮೂಲಕ ಮಾಡುವ ಸ್ವಯಂಚಾಲಿತ ಫೋಕಸ್ ತಪ್ಪಬಹುದು. ಪರದೆಯ ಮೇಲಿನ ನೇರ ನೋಟದಲ್ಲಿ ಫೋಕಸ್ ಮಾಡಬೇಕು.

ಪರಿವರ್ತಿಸಿದ ಕ್ಯಾಮೆರಾದ ಖಾತರಿ ರದ್ದಾಗುತ್ತದೆ ಮತ್ತು ಅದರಿಂದ ಮದುವೆ, ಜಾತ್ರೆಗಳ ಸಾಮಾನ್ಯ ಚಿತ್ರ ತೆಗೆಯಲಾಗುವುದಿಲ್ಲ. ಆದುದರಿಂದ ಮನೆಯಲ್ಲಿ ಬಳಕೆಯಲ್ಲಿರುವ ಒಳ್ಳೆಯ ಕ್ಯಾಮೆರಾವನ್ನು ಇದಕ್ಕೆ ಒಡ್ಡಬಾರದು.

ಫಿಲ್ಟರಿನ ಆಯ್ಕೆ

ತಡೆಗಾಜು ತೆಗೆದ ಕ್ಯಾಮೆರಾ ಕಾಣುವ ಬೆಳಕು ಮತ್ತು ಅವಕೆಂಪು ಎರಡನ್ನೂ ಬೆರೆಸಿ ದಾಖಲಿಸುತ್ತದೆ. ಇವನ್ನು ಬೇರ್ಪಡಿಸಲು ಮಸೂರದ ಮುಂದೆ ಫಿಲ್ಟರ್ ಬೇಕು.

ಕೆಂಪು ಫಿಲ್ಟರ್: ಬೆಳೆ ವೀಕ್ಷಣೆಗೆ ಇದು ಸೂಕ್ತ. ರ್‍ಯಾಟನ್ 25 ಎಂದು ಕರೆಯುವ ಛಾಯಾಗ್ರಹಣದ ಕೆಂಪು ಫಿಲ್ಟರ್ ನೀಲಿ ಮತ್ತು ಹಸಿರನ್ನು ತಡೆದು ಕೆಂಪು ಮತ್ತು ಅವಕೆಂಪನ್ನು ಒಳಗೆ ಬಿಡುತ್ತದೆ. ನಾಟಕದ ರಂಗದೀಪಗಳ ಮುಂದೆ ಹಾಕುವ ಗಾಢ ಕೆಂಪು ಹಾಳೆಗಳಲ್ಲಿಯೂ ಕೆಲವು ಈ ಕೆಲಸಕ್ಕೆ ಒದಗುತ್ತವೆ. ಆಗ ಕ್ಯಾಮೆರಾದ ನೀಲಿ ಪಾಲು ಬಹುಮಟ್ಟಿಗೆ ಅವಕೆಂಪನ್ನು ಮಾತ್ರ, ಕೆಂಪು ಪಾಲು ಕೆಂಪು ಮತ್ತು ಅವಕೆಂಪಿನ ಮೊತ್ತವನ್ನು ದಾಖಲಿಸುತ್ತದೆ. ಒಂದೇ ಚಿತ್ರದಿಂದ ಎರಡೂ ಅಂಕಿಗಳು ದೊರೆಯುತ್ತವೆ.

850 ನ್ಯಾನೊಮೀಟರ್ ಫಿಲ್ಟರ್: ಇದು ಅವಕೆಂಪನ್ನು ಮಾತ್ರ ಬಿಡುತ್ತದೆ. ಕಪ್ಪು ಬಿಳುಪು ಚಿತ್ರ ಸುಂದರವಾಗಿ ಬಂದರೂ ಕೆಂಪಿನ ಅಂಕಿ ಇಲ್ಲದ ಕಾರಣ ಒಂದೇ ಚಿತ್ರದಿಂದ ಸೂಚ್ಯಂಕ ಲೆಕ್ಕ ಹಾಕಲಾಗದು. ಕ್ಯಾಮೆರಾದ ಹೊಂದಾಣಿಕೆಗೆ ಇದು ಒಮ್ಮೆ ಬೇಕಾಗುತ್ತದೆ. ಅದನ್ನು ಮುಂದೆ ವಿವರಿಸಿದೆ.

ಕ್ಯಾಮೆರಾ ಬಿಚ್ಚದೆ ಕೇವಲ 720 ನ್ಯಾನೊಮೀಟರ್ ಫಿಲ್ಟರ್ ಹಾಕಿದರೂ ಅವಕೆಂಪು ಚಿತ್ರ ಬರುತ್ತದೆ. ಆದರೆ ತಡೆಗಾಜು ಒಳಗೇ ಇರುವುದರಿಂದ ಒಂದು ಚಿತ್ರಕ್ಕೆ ಹಲವು ಸೆಕೆಂಡುಗಳು ಬೇಕು. ಗಾಳಿಗೆ ಎಲೆ ಅಲುಗಾಡುವ ಹೊಲದಲ್ಲಿ ಈ ವಿಧಾನ ಕೆಲಸಕ್ಕೆ ಬಾರದು.

ಅಳತೆಯ ಹಲಗೆ

ಇಂದಿನ ಬಿಸಿಲು ನಾಳೆ ಇರುವುದಿಲ್ಲ. ಬೆಳಕಿನ ಏರಿಳಿತವನ್ನು ಸರಿದೂಗಿಸಲು ಪ್ರತಿ ಸಲವೂ ಚಿತ್ರದಲ್ಲಿ ಒಂದು ಅಳತೆಯ ಹಲಗೆ ಇರಲೇಬೇಕು. ಒಂದು ಅಡಿ ಉದ್ದಗಲದ ಹಲಗೆಯ ಅರ್ಧಕ್ಕೆ ನಳದ ಜೋಡಣೆಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಹಲವು ಪದರಗಳಲ್ಲಿ ಅಂಟಿಸಬೇಕು. ಇದು ಕೆಂಪನ್ನೂ ಅವಕೆಂಪನ್ನೂ ಬಹುತೇಕ ಸಮನಾಗಿ ಪ್ರತಿಫಲಿಸುತ್ತದೆ. ಉಳಿದರ್ಧಕ್ಕೆ ಎಣ್ಣೆದೀಪದ ಕಾಡಿಗೆಯನ್ನು ಅಂಟಿನಲ್ಲಿ ಕಲಸಿ ಬಳಿಯಬೇಕು. ಕಪ್ಪು ಬಟ್ಟೆಯನ್ನು ಬಳಸಬಾರದು. ಕಣ್ಣಿಗೆ ಕಪ್ಪಾಗಿ ಕಾಣುವ ಅನೇಕ ಬಟ್ಟೆಗಳು ಅವಕೆಂಪಿನಲ್ಲಿ ಬೆಳ್ಳಗೆ ಕಾಣುತ್ತವೆ. ಹಲಗೆಯನ್ನು ಧೂಳು ತಾಗದಂತೆ ಚೀಲದಲ್ಲಿಡಬೇಕು ಮತ್ತು ಟೇಪು ಮಾಸಿದಾಗ ಹೊಸದನ್ನು ಅಂಟಿಸಬೇಕು.

ಹೊಲದಲ್ಲಿ ಚಿತ್ರ ತೆಗೆಯುವ ಕ್ರಮ

ಎತ್ತರ: ಬಿದಿರಿನ ಗಳುವಿನ ತುದಿಗೆ ಕ್ಯಾಮೆರಾವನ್ನು ನೆಲಕ್ಕೆ ನೇರವಾಗಿ ಮುಖಮಾಡಿ ಕಟ್ಟಬೇಕು. ಸಾಮಾನ್ಯ ಅಗಲಕೋನದ ಮಸೂರವಿದ್ದಲ್ಲಿ ಬೆಳೆಯಿಂದ 4 ಮೀಟರ್ ಎತ್ತರದಲ್ಲಿ ಸುಮಾರು 5 ಮೀಟರ್ ಉದ್ದ, 3.5ರಿಂದ 4 ಮೀಟರ್ ಅಗಲದ ಜಾಗ ಚಿತ್ರದಲ್ಲಿ ಬರುತ್ತದೆ. ಮೆಣಸಿನ ಗಿಡಗಳನ್ನು 60 ಸೆಂಟಿಮೀಟರ್ ಅಂತರದಲ್ಲಿ ನೆಟ್ಟಿದ್ದರೆ ಒಂದು ಚಿತ್ರದಲ್ಲಿ ಸುಮಾರು 50 ಗಿಡಗಳು ಸಿಗುತ್ತವೆ. ಪಂಪ್‌ಸೆಟ್ಟಿನ ವಿದ್ಯುತ್ ತಂತಿಗಳು ಹಾದುಹೋಗಿರುವ ಕಡೆ ಗಳುವನ್ನು ಎತ್ತಲೇಬಾರದು. ಒದ್ದೆಯಾದ ಬಿದಿರು ಮತ್ತು ಕಬ್ಬಿಣದ ಕೊಳವೆ ಎರಡೂ ವಿದ್ಯುತ್ತನ್ನು ಹರಿಸುತ್ತವೆ. ಡ್ರೋನ್ ಬಳಸುವುದಾದಲ್ಲಿ ಡ್ರೋನ್ ನಿಯಮಗಳು 2021ರ ಷರತ್ತುಗಳು ಅನ್ವಯಿಸುತ್ತವೆ.

ಸಮಯ: ಹಾವೇರಿಯ ಸುತ್ತಮುತ್ತ ಸೂರ್ಯನು ದಿನದ ಗರಿಷ್ಠ ಎತ್ತರಕ್ಕೆ ಬರುವುದು ಗಡಿಯಾರದ 12 ಗಂಟೆಗಲ್ಲ, ವರ್ಷದ ಬಹುಭಾಗ ಅದು 12:15ರಿಂದ 12:40ರ ನಡುವೆ. ಇದರ ಆಚೀಚೆ ಒಂದೂವರೆ ಗಂಟೆಯೊಳಗೆ ಚಿತ್ರ ತೆಗೆಯುವುದು ಸಾಮಾನ್ಯವಾಗಿ ಒಳ್ಳೆಯದು. ಆದರೆ ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದ ಸುಮಾರಿಗೆ ಸೂರ್ಯನು ಇಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ದಿನಗಳಲ್ಲಿ ನಡುಮಧ್ಯಾಹ್ನ ತೆಗೆದರೆ ಕ್ಯಾಮೆರಾದ ನೆರಳು ಚಿತ್ರದ ಮಧ್ಯದಲ್ಲಿಯೇ ಬೀಳುತ್ತದೆ. ಮುಂಗಾರು ಬೆಳೆಗೆ ಇದು ಮುಖ್ಯ ಕಾಲವಾದ್ದರಿಂದ ಆಗ ಬೆಳಿಗ್ಗೆ 11 ಗಂಟೆಯ ಸುಮಾರಿಗೆ ಅಥವಾ ಮಧ್ಯಾಹ್ನ 2 ಗಂಟೆಯ ಸುಮಾರಿಗೆ ತೆಗೆಯಬೇಕು.

ಬೆಳಕು: ನಿರ್ಮಲ ಆಕಾಶ ಉತ್ತಮ. ಪೂರ್ತಿ ಮೋಡ ಕವಿದಿದ್ದರೂ ನಡೆಯುತ್ತದೆ. ಮೋಡ ಮತ್ತು ಬಿಸಿಲು ಕಣ್ಣಾಮುಚ್ಚಾಲೆ ಆಡುವ ದಿನ ತೆಗೆದ ಚಿತ್ರಗಳನ್ನು ಹೋಲಿಸಬಾರದು. ಇಬ್ಬನಿ ಅಥವಾ ಮಳೆಹನಿ ಎಲೆಯ ಮೇಲಿರುವಾಗ ತೆಗೆಯಬಾರದು.

ಒಂದೇ ಜಾಗ: ಹೊಲದಲ್ಲಿ ಗೂಟ ನೆಟ್ಟು ಸಂಖ್ಯೆ ಬರೆದು, ಪ್ರತಿ ಸಲವೂ ಅದೇ ಗೂಟದ ಬಳಿ, ಅದೇ ಎತ್ತರದಲ್ಲಿ ಚಿತ್ರ ತೆಗೆಯಬೇಕು. ಒಂದು ಎಕರೆಗೆ ಎಂಟು ಹತ್ತು ಗೂಟಗಳನ್ನು ಮೂಲೆ, ನಡು, ತಗ್ಗು ಮತ್ತು ದಿಬ್ಬಗಳನ್ನು ಒಳಗೊಳ್ಳುವಂತೆ ಹಂಚಬೇಕು. ದಿನಾಂಕ, ಸಮಯ, ಬೆಳೆಯ ವಯಸ್ಸು, ಹಿಂದಿನ ಮಳೆ, ಕೊಟ್ಟ ಗೊಬ್ಬರ ಮತ್ತು ಸಿಂಪರಣೆಯನ್ನು ಪುಸ್ತಕದಲ್ಲಿ ಬರೆಯಬೇಕು.

ಸೂಚ್ಯಂಕದ ಲೆಕ್ಕಾಚಾರ

ಎನ್‌ಡಿವಿಐ ಎಂದು ಹೆಸರಾದ ಸಸ್ಯ ಸೂಚ್ಯಂಕವನ್ನು ಹೀಗೆ ಲೆಕ್ಕ ಹಾಕಲಾಗುತ್ತದೆ: ಅವಕೆಂಪಿನ ಪ್ರತಿಫಲನದಿಂದ ಕೆಂಪಿನ ಪ್ರತಿಫಲನವನ್ನು ಕಳೆದು, ಬಂದ ಅಂಕಿಯನ್ನು ಅವೆರಡರ ಮೊತ್ತದಿಂದ ಭಾಗಿಸಬೇಕು.

ಮೊದಲಿಗೆ ಕ್ಯಾಮೆರಾದ ಹೊಂದಾಣಿಕೆ ಅಂಕಿಯನ್ನು ಒಮ್ಮೆ ಕಂಡುಕೊಳ್ಳಬೇಕು. ಅದಕ್ಕಾಗಿ 850 ನ್ಯಾನೊಮೀಟರ್ ಫಿಲ್ಟರ್ ಹಾಕಿ ಬಿಳಿ ಹಲಗೆಯ ರಾ ಚಿತ್ರ ತೆಗೆದು, ಅದರ ಕೆಂಪು ಪಾಲನ್ನು ನೀಲಿ ಪಾಲಿನಿಂದ ಭಾಗಿಸಬೇಕು. ಈ ಅಂಕಿ 1.1 ಬಂದಿತೆಂದು ಇಟ್ಟುಕೊಳ್ಳೋಣ. ಆ ಬಳಿಕ ಕೆಂಪು ಫಿಲ್ಟರ್ ಹಾಕಿ ಹೊಲದ ಚಿತ್ರ ತೆಗೆಯಬೇಕು. ಎಲ್ಲ ಅಂಕಿಗಳಿಂದಲೂ ಮಸೂರದ ಮುಚ್ಚಳ ಹಾಕಿ ತೆಗೆದ ಚಿತ್ರದ ಅಂಕಿಯನ್ನು ಮೊದಲೇ ಕಳೆದಿರಬೇಕು.

ಉದಾಹರಣೆ (ವಿವರಣೆಗಾಗಿ ಕೊಟ್ಟ ಅಂಕಿಗಳು):

• ಬಿಳಿ ಹಲಗೆ: ಕೆಂಪು ಪಾಲು 3000, ನೀಲಿ ಪಾಲು 1200. ಅವಕೆಂಪು 1200. ನಿಜವಾದ ಕೆಂಪು 3000 − (1.1 × 1200) = 1680.
• ಒಳ್ಳೆಯ ಬೆಳೆ: ಕೆಂಪು ಪಾಲು 700, ನೀಲಿ ಪಾಲು 540. ನಿಜವಾದ ಕೆಂಪು 700 − 594 = 106. ಹಲಗೆಗೆ ಹೋಲಿಸಿದಾಗ ಕೆಂಪು 106 ÷ 1680 = 0.063; ಅವಕೆಂಪು 540 ÷ 1200 = 0.45. ಸೂಚ್ಯಂಕ 0.75.
• ಸೊರಗಿದ ಬೆಳೆ: ಕೆಂಪು ಪಾಲು 600, ನೀಲಿ ಪಾಲು 360. ನಿಜವಾದ ಕೆಂಪು 600 − 396 = 204. ಕೆಂಪು 0.121, ಅವಕೆಂಪು 0.30. ಸೂಚ್ಯಂಕ 0.42.

ಇಡೀ ಚಿತ್ರಕ್ಕೆ ಈ ಲೆಕ್ಕವನ್ನು ಇಮೇಜ್‌ಜೆ ಅಥವಾ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶಗಳಲ್ಲಿ ಮಾಡಬಹುದು. ಚಿತ್ರದ ಅಂಚುಗಳಲ್ಲಿ ಬೆಳಕು ಕುಗ್ಗುವುದರಿಂದ ನಡುಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆಲವು ಮಸೂರಗಳಲ್ಲಿ ಅವಕೆಂಪು ಚಿತ್ರದ ನಟ್ಟನಡುವೆ ಬಿಳಿ ಮಚ್ಚೆ ಮೂಡುತ್ತದೆ. ಅಂತಹ ಮಸೂರ ಈ ಕೆಲಸಕ್ಕೆ ಯೋಗ್ಯವಲ್ಲ. ಒಂದು ಕ್ಯಾಮೆರಾದ ಸೂಚ್ಯಂಕವನ್ನು ಇನ್ನೊಂದು ಕ್ಯಾಮೆರಾದ ಅಥವಾ ಉಪಗ್ರಹದ ಸೂಚ್ಯಂಕದೊಡನೆ ನೇರವಾಗಿ ಹೋಲಿಸಬಾರದು. ಅದೇ ಹೊಲದ ಒಂದು ಭಾಗವನ್ನು ಇನ್ನೊಂದು ಭಾಗದೊಡನೆ, ಈ ವಾರವನ್ನು ಹಿಂದಿನ ವಾರದೊಡನೆ ಹೋಲಿಸುವುದೇ ಸರಿಯಾದ ಕ್ರಮ.

ಅಂಕಿ ಮೋಸ ಮಾಡುವ ಸಂದರ್ಭಗಳು

ಬರಿಯ ನೆಲ: ಎಲೆಯ ಕೆಂಪು 0.06, ಅವಕೆಂಪು 0.45 ಇದ್ದು, ನೆಲದ ಕೆಂಪು 0.10, ಅವಕೆಂಪು 0.14 ಇದೆಯೆಂದು ಭಾವಿಸೋಣ. ಚಿತ್ರದ ಅರ್ಧ ಎಲೆ, ಅರ್ಧ ನೆಲವಿದ್ದರೆ ಸರಾಸರಿ ಸೂಚ್ಯಂಕ ಸುಮಾರು 0.57ಕ್ಕೆ ಇಳಿಯುತ್ತದೆ. ಗಿಡಗಳು ಪೂರ್ತಿ ಆರೋಗ್ಯವಾಗಿದ್ದರೂ ಸಸಿ ಸತ್ತು ಎಡೆ ಬಿದ್ದ ಜಾಗ ರೋಗದಂತೆ ಕಾಣುತ್ತದೆ.

ಕಳೆ: ಕಳೆಯೂ ಹಸಿರೇ. ಕಳೆ ತುಂಬಿದ ಸಾಲು ಹೊಲದಲ್ಲೇ ಅತ್ಯಂತ ಆರೋಗ್ಯವಂತ ಜಾಗವಾಗಿ ತೋರುತ್ತದೆ. ಆದುದರಿಂದ ಎಡೆಕುಂಟೆ ಹೊಡೆದು ಕಳೆ ತೆಗೆದ ನಂತರ ಚಿತ್ರ ತೆಗೆಯಬೇಕು.

ಮಾಗುವಿಕೆ: ಬೆಳೆ ಮಾಗಿದಂತೆ ಸೂಚ್ಯಂಕ ಸಹಜವಾಗಿ ಇಳಿಯುತ್ತದೆ. ಇದನ್ನು ರೋಗವೆಂದು ತಿಳಿಯಬಾರದು.

ಉಷ್ಣತೆಯ ಗೊಂದಲ: ಈ ಕ್ಯಾಮೆರಾ ಶಾಖವನ್ನು ಅಳೆಯುವುದಿಲ್ಲ. ವಸ್ತುಗಳು ಹೊರಸೂಸುವ ಶಾಖವನ್ನು ತೋರಿಸುವ ಕ್ಯಾಮೆರಾಗಳು 8ರಿಂದ 14 ಮೈಕ್ರೊಮೀಟರ್ ತರಂಗಾಂತರದಲ್ಲಿ ಕೆಲಸ ಮಾಡುತ್ತವೆ. ಅಂದರೆ ಇಲ್ಲಿ ಬಳಸುವ ಬೆಳಕಿಗಿಂತ ಸುಮಾರು ಹತ್ತು ಪಟ್ಟು ಉದ್ದದ ಅಲೆಗಳಲ್ಲಿ. ಮಧ್ಯಾಹ್ನ ನೀರಿಲ್ಲದೆ ಬಾಡಿದ ಗಿಡದ ಬಿಸಿ ಇದರಲ್ಲಿ ಕಾಣದು.

ಬೆಳೆವಾರು ಬಳಕೆ

ಮೆಣಸಿನಕಾಯಿ: ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಡಬ್ಬಿ ಮತ್ತು ಕಡ್ಡಿ ಇದರ ಎರಡು ಪ್ರಸಿದ್ಧ ಬಗೆಗಳು. ನಾಟಿಯಾದ 30 ದಿನಗಳಿಂದ ಕಾಯಿ ಕೆಂಪಾಗತೊಡಗುವವರೆಗೆ ಹದಿನೈದು ದಿನಗಳಿಗೊಮ್ಮೆ ಚಿತ್ರ ತೆಗೆಯಬಹುದು. ಸೂಚ್ಯಂಕ ಇಳಿದ ಜಾಗಕ್ಕೆ ಹೋಗಿ ಈ ಕೆಳಗಿನಂತೆ ಪರೀಕ್ಷಿಸಬೇಕು:

• ಎಲೆಗಳು ಮೇಲ್ಮುಖವಾಗಿ ದೋಣಿಯಂತೆ ಮುದುಡಿದ್ದರೆ ಥ್ರಿಪ್ಸ್ ನುಸಿ, ಕೆಳಮುಖವಾಗಿ ಮುದುಡಿದ್ದರೆ ಮೈಟ್ ನುಸಿಯ ಬಾಧೆಯನ್ನು ಶಂಕಿಸಬೇಕು. ಕುಡಿಯನ್ನು ಬಿಳಿ ಹಾಳೆಯ ಮೇಲೆ ತಟ್ಟಿ ಭೂತಗನ್ನಡಿಯಿಂದ ನೋಡಿ ಖಚಿತಪಡಿಸಿಕೊಳ್ಳಬೇಕು.
• ಎಲೆಗಳು ಚಿಕ್ಕದಾಗಿ ಸುರುಟಿ ಗಿಡ ಕುಬ್ಜವಾಗಿದ್ದರೆ ಬಿಳಿ ನೊಣದಿಂದ ಹರಡುವ ನಂಜುರೋಗವಿರಬಹುದು.
• ಗಿಡ ಜೋತುಬಿದ್ದಿದ್ದರೆ ಕಿತ್ತು ಕಾಂಡವನ್ನು ಉದ್ದಕ್ಕೆ ಸೀಳಬೇಕು. ಒಳಗೆ ಕಂದುಬಣ್ಣವಿದ್ದರೆ ಸೊರಗು ರೋಗ. ಬೇರು ಕೊಳೆತು ಮಣ್ಣು ಕೆಸರಾಗಿದ್ದರೆ ನೀರು ನಿಂತಿರುವುದೇ ಕಾರಣ. ಆಗ ಬಸಿಗಾಲುವೆ ಬೇಕು, ಕೀಟನಾಶಕ ಬೇಡ.

2021ರ ಹಂಗಾಮಿನಲ್ಲಿ ದಕ್ಷಿಣ ರಾಜ್ಯಗಳ ಮೆಣಸಿನಕಾಯಿಗೆ ವ್ಯಾಪಕ ಹಾನಿ ಮಾಡಿದ ಹೊಸ ಜಾತಿಯ ಥ್ರಿಪ್ಸ್ ನುಸಿ ಹೆಚ್ಚಾಗಿ ಹೂವಿನಲ್ಲಿ ಅಡಗಿರುತ್ತದೆ. ಎಲೆ ಹಸಿರಾಗಿಯೇ ಇರುವಾಗ ಹೂ ಉದುರಿ ಇಳುವರಿ ಕೈತಪ್ಪಬಹುದು. ಇದನ್ನು ಅವಕೆಂಪು ಚಿತ್ರ ತೋರಿಸುವುದಿಲ್ಲ. ಚಿತ್ರ ಚೆನ್ನಾಗಿದೆಯೆಂದು ಹೂಗಳ ಪರೀಕ್ಷೆಯನ್ನು ಬಿಡಬಾರದು.

ಒಣಮೆಣಸಿನಕಾಯಿಯ ಬಣ್ಣವನ್ನು ಈ ಕ್ಯಾಮೆರಾದಿಂದ ನಿರ್ಣಯಿಸಲಾಗದು. ಕೆಂಪು ವರ್ಣದ್ರವ್ಯಗಳು ಅವಕೆಂಪನ್ನು ಹೀರದ ಕಾರಣ ಕಡುಗೆಂಪು ಕಾಯಿಯೂ ಪೇಲವವಾಗಿಯೇ ಕಾಣುತ್ತದೆ. ಮಾರುಕಟ್ಟೆಗೆ ಕಳುಹಿಸುವ ಮಾಲಿನ ಚಿತ್ರವನ್ನು ಸಾಮಾನ್ಯ ಮೊಬೈಲಿನಲ್ಲಿಯೇ ತೆಗೆಯಬೇಕು.

ಗೋವಿನಜೋಳ: ಮೇಲುಗೊಬ್ಬರ ಕೊಡುವ ನಿರ್ಧಾರಕ್ಕೆ ಚಿತ್ರ ನೆರವಾಗುತ್ತದೆ. ಬಿತ್ತನೆಯ ಕಾಲದಲ್ಲಿಯೇ ಹೊಲದ ಒಂದು ಪಟ್ಟೆಗೆ ಸಾರಜನಕವನ್ನು ಕೊರತೆಯಾಗದಂತೆ ಪೂರ್ತಿ ಕೊಟ್ಟು ಗುರುತು ಹಾಕಬೇಕು. ಮೇಲುಗೊಬ್ಬರದ ಸಮಯದಲ್ಲಿ ಆ ಪಟ್ಟೆಯ ಸೂಚ್ಯಂಕವನ್ನು ಉಳಿದ ಹೊಲದೊಡನೆ ಹೋಲಿಸಬೇಕು. ವ್ಯತ್ಯಾಸ ದೊಡ್ಡದಿದ್ದರೆ ಬೆಳೆ ಸಾರಜನಕವನ್ನು ಕೇಳುತ್ತಿದೆಯೆಂದು ತಿಳಿಯಬೇಕು. ಕೆಳಗಿನ ಎಲೆಗಳ ತುದಿಯಿಂದ ನಡುನರದ ಗುಂಟ ಹಳದಿಯಾಗಿದ್ದರೆ ಈ ತೀರ್ಮಾನ ದೃಢವಾಗುತ್ತದೆ. ನಮ್ಮ ರಾಜ್ಯದಲ್ಲಿ 2018ರಲ್ಲಿ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ಮರಿಗಳು ಸುಳಿಯೊಳಗಿರುತ್ತವೆ. ಚಿತ್ರದಲ್ಲಿ ಅವುಗಳ ಹಾನಿ ಕಾಣುವ ವೇಳೆಗೆ ನಿಯಂತ್ರಣದ ಸರಿಯಾದ ಕಾಲ ಮೀರಿರುತ್ತದೆ. ಸುಳಿಯನ್ನು ಕೈಯಿಂದಲೇ ಬಿಡಿಸಿ ನೋಡಬೇಕು.

ಹತ್ತಿ: ಎಲೆ ಕೆಂಪಾಗುವಿಕೆ ಹರಡಿರುವ ಭಾಗವನ್ನು ಚಿತ್ರ ಚೆನ್ನಾಗಿ ತೋರಿಸುತ್ತದೆ. ಆದರೆ ಮೆಗ್ನೀಸಿಯಂ ಕೊರತೆ ಮತ್ತು ಹಸಿರು ಜಿಗಿಹುಳುವಿನ ಬಾಧೆ ಎರಡರಲ್ಲಿಯೂ ಎಲೆ ಕೆಂಪಾಗುತ್ತದೆ. ಎಲೆಯ ಅಂಚು ಕೆಳಕ್ಕೆ ಮುದುಡಿದ್ದು, ತಳಭಾಗದಲ್ಲಿ ಅಡ್ಡಡ್ಡ ಓಡುವ ಹಸಿರು ಹುಳುಗಳಿದ್ದರೆ ಮಾತ್ರ ಕೀಟದ ನಿಯಂತ್ರಣಕ್ಕೆ ಮುಂದಾಗಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

1. ಚಿತ್ರವನ್ನು ನೋಡಿಯೇ ಔಷಧಿಯ ಹೆಸರನ್ನು ಸೂಚಿಸಬಾರದು. ಗಿಡ, ಬೇರು ಮತ್ತು ಮಣ್ಣಿನ ಪರೀಕ್ಷೆಯ ನಂತರವೇ ಶಿಫಾರಸು ಮಾಡಬೇಕು.
2. ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿದ ನಕ್ಷೆಯನ್ನು ರೈತರಿಗೆ ಕೊಡುವಾಗ, ಕೆಂಪು ಎಂದರೆ ರೋಗ ಎಂಬ ಅರ್ಥವಲ್ಲ, ಹೋಗಿ ನೋಡಬೇಕಾದ ಜಾಗ ಎಂಬುದನ್ನು ಬಾಯಿಮಾತಿನಲ್ಲಿಯೂ ತಿಳಿಸಬೇಕು.
3. ಪ್ರತಿ ಸಲವೂ ಒಂದು ಒಳ್ಳೆಯ ಜಾಗವನ್ನೂ ಒಂದು ಕೆಟ್ಟ ಜಾಗವನ್ನೂ ರೈತರೊಡನೆ ನಡೆದು ನೋಡಿ, ಕಂಡುದನ್ನು ಬರೆದಿಡಬೇಕು. ಒಂದು ಹಂಗಾಮು ಹೀಗೆ ಮಾಡಿದರೆ ಆ ಹೊಲದ ಅಂಕಿಗಳಿಗೆ ಅರ್ಥ ಹುಟ್ಟುತ್ತದೆ.
4. ರೋಗವು ಕಣ್ಣಿಗೆ ಕಾಣುವ ಎಷ್ಟೋ ದಿನ ಮೊದಲೇ ಕ್ಯಾಮೆರಾ ಹೇಳುತ್ತದೆ ಎಂಬ ಮಾರಾಟಗಾರರ ಮಾತನ್ನು ಪರೀಕ್ಷಿಸದೆ ಪ್ರಚಾರ ಮಾಡಬಾರದು. ಅನೇಕ ರೋಗಗಳಲ್ಲಿ ಎಲೆಯ ಅಂಗಾಂಶ ಕೆಟ್ಟ ಮೇಲೆಯೇ ಅವಕೆಂಪಿನ ಪ್ರತಿಫಲನ ಇಳಿಯುತ್ತದೆ.

ಸಾರಾಂಶ

ಹಳೆಯ ಕ್ಯಾಮೆರಾ, ಒಂದು ತುಂಡು ಗಾಜು, ಕೆಂಪು ಫಿಲ್ಟರ್, ಬಿದಿರಿನ ಗಳು ಮತ್ತು ಅಳತೆಯ ಹಲಗೆಯಿಂದ ಹೊಲದ ಒಳಭಾಗದ ಸ್ಥಿತಿಯನ್ನು ಸಾಲುವಾರು ತಿಳಿಯಬಹುದು. ಕೆಪಾಸಿಟರಿನ ವಿಷಯದಲ್ಲಿಯೂ ವಿದ್ಯುತ್ ತಂತಿಗಳ ವಿಷಯದಲ್ಲಿಯೂ ಎಚ್ಚರ ತಪ್ಪಬಾರದು. ಒಂದೇ ಜಾಗ, ಒಂದೇ ಸಮಯ, ಒಂದೇ ಹಲಗೆ ಎಂಬ ಶಿಸ್ತಿಲ್ಲದೆ ತೆಗೆದ ಚಿತ್ರಗಳು ದಾರಿ ತಪ್ಪಿಸುತ್ತವೆ. ಇಡೀ ಹೊಲಕ್ಕೆ ಹೊಡೆಯಬೇಕೆಂದಿದ್ದ ಔಷಧಿ ಆರು ಸಾಲಿಗೆ ಸಾಕಾಯಿತೆಂದರೆ, ಅಥವಾ ಔಷಧಿಯ ಬದಲು ಒಂದು ಬಸಿಗಾಲುವೆ ಸಾಕಾಯಿತೆಂದರೆ, ಕ್ಯಾಮೆರಾಕ್ಕೆ ಮಾಡಿದ ಖರ್ಚು ಸಾರ್ಥಕ.

ರೋಗ ಮತ್ತು ಕೀಟಗಳ ಖಚಿತ ಗುರುತಿಗಾಗಿ ಬಾಧಿತ ಗಿಡದ ಮಾದರಿಯೊಡನೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸುವುದು.